ನಲವತ್ತು ದಾಟದ ಮುಳ್ಳು

ಜೀಪಿನ ಹಿಂದಿನ ಆಕ್ಸಲ್ಲಿನ ಕ್ರೌನ್ ಎಂಬ ಹಲ್ಲುಚಕ್ರ ಒಡೆದಾಗ ಬಾಲರಾಜು ಅಷ್ಟೇನೂ ಹೆದರಿರಲಿಲ್ಲ. ಹೆದರಿದ್ದು ಅದು ರಿಪೇರಿಯಾದ ಮೇಲೆ. ಕನಕಪುರದ ಬೀದಿಯಲ್ಲಿ ಎಮ್ಮೆಯೊಂದು ಅವನ ಜೀಪನ್ನು ಹಿಂದೆ ಹಾಕಿ ಆರಾಮಾಗಿ ನಡೆದು ಹೋಗುತ್ತಿದ್ದರೆ, ಸ್ಪೀಡ್ ಮೀಟರಿನ ಮುಳ್ಳು ಹತ್ತು ದಾಟಿ ಕುಣಿಯುತ್ತಿತ್ತು!

"ಕಲ್ಲು ಕ್ವಾರಿ ಜೀಪಿನ ಕ್ರೌನ್ ಹಾಕಿದ್ದೀನಿ ಬಾಲರಾಜಣ್ಣ," ಎಂದ ಮೆಕ್ಯಾನಿಕ್ ಮುಕ್ತಿಯಾರ್. "ಏರು ಬಂದ್ರೆ ಆನೆ ಥರ ಎಳೀತದೆ. ಆದ್ರೆ ಇದ್ರ ಹಲ್ಲಿನ ಲೆಕ್ಕ ಬೇರೆ. ಗಾಡಿ ಮೆಲ್ಲಗೆ ಹೋದ್ರೂ ಮೀಟರು ಜೋರು ತೋರಿಸ್ತದೆ. ಮೀಟರಿನ ಚಿಕ್ಕ ಗೇರು ಬದಲಾಯಿಸಿದ್ರೆ ಸರಿ ಹೋಗ್ತದೆ. ನಾಳೆ ನಾಡಿದ್ದು ನೋಡಾಣ."

"ನಾಳೆನಾ? ಇವತ್ತೇ ಕಣಪ್ಪಾ ನನ್ ತಿಥಿ!"

ಮಾತು ಸುಳ್ಳಲ್ಲ. ಬಾಲರಾಜು ಹಾರೋಹಳ್ಳಿಯ ಕಾರ್ಖಾನೆಯೊಂದಕ್ಕೆ ಕೆಲಸಗಾರರನ್ನು ಕರೆದೊಯ್ಯುವವನು. ಮೊನ್ನೆ ಯಾರದೋ ವ್ಯಾನು ಹಳ್ಳಕ್ಕೆ ಬಿದ್ದ ಮೇಲೆ ಜಯಕುಮಾರ್ ಎಂಬ ಹೊಸ ಸೇಫ್ಟಿ ಆಫೀಸರು ಬಂದಿದ್ದ. ಮುಳ್ಳು ನಲವತ್ತು ದಾಟಿದರೆ ಕಾಂಟ್ರಾಕ್ಟ್ ಖಲಾಸ್, ಶಿಫ್ಟಿಗೆ ತಡವಾದರೂ ಖಲಾಸ್ ಎಂಬುದು ಅವನ ಕಾನೂನು. ಇವತ್ತು ಮಧ್ಯಾಹ್ನದ ಶಿಫ್ಟಿಗೆ ಆಫೀಸರೇ ಮುಂದಿನ ಸೀಟಿನಲ್ಲಿ ಕೂತು ಬಾಲರಾಜುವನ್ನು ಪರೀಕ್ಷೆ ಮಾಡುವವನಿದ್ದ. ಬಾಲರಾಜುವೋ, ಹುಟ್ಟಿದಾಗಿನಿಂದ ಮೂವತ್ತು ದಾಟಿಸಿದವನಲ್ಲ; ಆದರೆ ಆ ಮೂವತ್ತನ್ನೂ ಈ ಮುಳ್ಳು ಎಷ್ಟು ಮಾಡಿ ತೋರಿಸುತ್ತದೋ ಯಾರಿಗೆ ಗೊತ್ತು! ಹಿಂದಿನಿಂದ ಸೈಕಲ್ಲಿನವನು ಬೆಲ್ಲು ಹೊಡೆದರೂ ಪಕ್ಕಕ್ಕೆ ಸರಿದು ದಾರಿ ಬಿಡುವ ಆಸಾಮಿ. ಮನೆಯ ಒಲೆ ಉರಿಯುತ್ತಿದ್ದದ್ದು ಮಾತ್ರ ಆ ಕಾಂಟ್ರಾಕ್ಟಿನಿಂದಲೇ.

ಅಷ್ಟರಲ್ಲಿ ನೆರೆಮನೆಯ ಬೋರಲಿಂಗಯ್ಯ ಹಾಜರಾದ. ಕಾವಲುಗಾರನ ಕೆಲಸ ಬಿಟ್ಟು ವರ್ಷಗಳಾದರೂ ಖಾಕಿ ಕೋಟು ಬಿಡದವನು, ಯಾರೂ ಕೇಳದಿದ್ದರೂ ಬುದ್ಧಿ ಹೇಳುವವನು.

"ಯಾಕ್ಲಾ ಅಳ್ತೀಯಾ? ಸರ್ಕಾರಿ ಬಸ್ಸಿನ ಹಿಂದಿಂದೇ ಅದ್ರಷ್ಟೇ ಜೋರಾಗಿ ಹೋಗಾಣ. ಆಮೇಲೆ ಎಷ್ಟರಲ್ಲಿ ಬಂದೆ ಅಂತ ಡ್ರೈವರ್ನ ಕೇಳಿದ್ರಾಯ್ತು. ಆ ಲೆಕ್ಕಕ್ಕೆ ಗೇರು ಹಾಕ್ಲಿ. ಸರ್ಕಾರದ ಬಸ್ಸು ಸುಳ್ ಹೇಳ್ತದಾ?"

ಮುಕ್ತಿಯಾರನೇ ಸ್ಟೇರಿಂಗ್ ಹಿಡಿದ. ಬಸ್ಸು ಧೂಳೆಬ್ಬಿಸಿಕೊಂಡು ಹೊರಟಿತು, ಬೆನ್ನಿಗೇ ಜೀಪು. ಬಾಲರಾಜು ಕಣ್ಣು ಮುಚ್ಚಿ ಮನೆದೇವರಿಗೆ ಹರಕೆ ಹೊರುತ್ತ ಕೂತಿದ್ದ. ಮುಳ್ಳು ತೊಂಬತ್ತು ತೋರಿಸಿತು. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತದ್ದೇ ತಡ, ಬೋರಲಿಂಗಯ್ಯ ಕೆಳಗೆ ಧುಮುಕಿ, ಖಾಕಿ ಕೋಟು ಸರಿಮಾಡಿಕೊಂಡು ಡ್ರೈವರ್ ಕೃಷ್ಣಪ್ಪನ ಕಿಟಕಿಯ ಬಳಿ ನಿಂತ.

"ಏನಪ್ಪಾ, ಎಷ್ಟು ಸ್ಪೀಡಲ್ಲಿ ಬಂದೆ?"

ಕೃಷ್ಣಪ್ಪ ಆ ಕೋಟನ್ನು ಮೇಲಿನಿಂದ ಕೆಳಗೆ ನೋಡಿ ಕೈ ಮುಗಿದ. "ನಲವತ್ತು ಸಾರ್. ಅದ್ರ ಮೇಲೆ ಹೋಗಾಕಿಲ್ಲ ನಾನು. ಬೇಕಾದ್ರೆ ಕಂಡಕ್ಟರ್ನ ಕೇಳಿ."

ಕಂಡಕ್ಟರೂ ಹೌದೌದೆಂದು ತಲೆಯಾಡಿಸಿದ.

"ಅರೆ, ಇಷ್ಟೊಂದು ವ್ಯತ್ಯಾಸ ಬರ್ತದಾ?" ಮುಕ್ತಿಯಾರ್ ತಲೆ ಕೆರೆದುಕೊಂಡ.

"ಸುಮ್ಕೆ ಹಾಕಪ್ಪಾ, ಗೌರ್ಮೆಂಟ್‌ಗಿಂತ ನೀನ್ ಹೆಚ್ಚಾ?" ಎಂದು ಬೋರಲಿಂಗಯ್ಯ ಬಾಯಿ ಮುಚ್ಚಿಸಿದ. ಮುಕ್ತಿಯಾರ್ ಗ್ಯಾರೇಜಿನ ಡಬ್ಬವನ್ನೆಲ್ಲ ಕೆದಕಿ, ತೊಂಬತ್ತನ್ನು ನಲವತ್ತಕ್ಕೆ ಇಳಿಸುವ ಗೇರು ಹುಡುಕಿ ಕೂರಿಸಿದ. ಬಾಲರಾಜುವಿನ ಹೆಂಡತಿ ಲತಾಮಣಿ ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣಿಟ್ಟು ಕಳಿಸಿಕೊಟ್ಟಳು.

ಜಯಕುಮಾರ್ ಮುಂದೆ ಕೂತ, ಕೆಲಸಗಾರರು ಹಿಂದೆ. ಬಾಲರಾಜು ತನ್ನ ಅಭ್ಯಾಸದ ವೇಗದಲ್ಲೇ ಹೊರಟ. ಮುಳ್ಳು ಹದಿನೈದರ ಬಳಿ ತೂಕಡಿಸುತ್ತಿತ್ತು.

"ಏನ್ರೀ ಇದು, ಹದಿನೈದಾ? ಶಿಫ್ಟ್ ಮುಗಿದ ಮೇಲೆ ತಲುಪಿಸ್ತೀರಾ? ನಲವತ್ತರವರೆಗೂ ಹೋಗಬಹುದು. ಒತ್ರೀ!"

ಒತ್ತಿದ. ಮುಳ್ಳು ಇಪ್ಪತ್ತೈದಕ್ಕೆ ಬರುವಷ್ಟರಲ್ಲೇ ಸಾಲುಮರಗಳು ದಡದಡ ಹಿಂದಕ್ಕೆ ಓಡತೊಡಗಿದವು. ಮೂವತ್ತಕ್ಕೆ ಅಂಗೈ ಬೆವರಿ ಸ್ಟೇರಿಂಗ್ ಜಾರಿತು. 'ಮೀಟರು ಸರಿಯಾಗೈತೆ, ಸರ್ಕಾರದ ಲೆಕ್ಕ. ಸರಿಯಿಲ್ದೇ ಇರೋದು ನನ್ ಎದೆ' ಎಂದು ತನ್ನನ್ನೇ ಬೈದುಕೊಂಡು ಇನ್ನಷ್ಟು ಒತ್ತಿದ. ನಲವತ್ತಕ್ಕೆ ಹಿಂದಿದ್ದ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು.

"ಅಯ್ಯಯ್ಯಪ್ಪೋ! ಮಕ್ಳು ಮರಿ ಇರೋರು ಕಣಪ್ಪಾ ನಾವು!"

"ಸುಮ್ನಿರ್ರಮ್ಮಾ, ನಲವತ್ತಕ್ಕೇ ಹೀಗಾಡ್ತೀರಲ್ಲ," ಎಂದು ಆಫೀಸರು ಗದರಿದ. ಅವನು ಮುಳ್ಳಿನ ಮೇಲೆ ನೆಟ್ಟ ಕಣ್ಣನ್ನು ರಸ್ತೆಯ ಕಡೆ ತಿರುಗಿಸಿದ್ದರೆ ಅವನೂ ಯಾರನ್ನಾದರೂ ತಬ್ಬಿಕೊಳ್ಳುತ್ತಿದ್ದನೋ ಏನೋ. ಸ್ಟಾಪಿನಿಂದ ಆಗಷ್ಟೇ ಹೊರಟಿದ್ದ ಕೃಷ್ಣಪ್ಪನ ಬಸ್ಸನ್ನು ಜೀಪು ಸುಯ್ಯನೆ ದಾಟಿತು.

ಕಾರ್ಖಾನೆಯ ಗೇಟು ಮುಟ್ಟಿದಾಗ ಸೈರನ್ನಿಗೆ ಇನ್ನೂ ಎಷ್ಟೋ ಹೊತ್ತಿತ್ತು. ಬಾಲರಾಜು ಬಾಗಿಲು ಹಿಡಿದುಕೊಂಡು ಮೆಲ್ಲಗೆ ಇಳಿದ.

"ಭೇಷ್! ನಲವತ್ತು ದಾಟದೆ ಇಷ್ಟು ಬೇಗ! ಉಳಿದ ಡ್ರೈವರುಗಳದ್ದೆಲ್ಲ ಬರೀ ನೆಪ. ಕಾಂಟ್ರಾಕ್ಟ್ ನಿಮಗೇ," ಎಂದು ಜಯಕುಮಾರ್ ಅವನ ಕೈ ಕುಲುಕಿದ. ಬಾಲರಾಜುವಿಗೆ ಅಳುವೇ ಬಂತು.

"ಆದರೆ ದಿನಾ ಇದೇ ಹೊತ್ತಿಗೆ ಇಲ್ಲಿರಬೇಕು. ತಡವಾದರೆ ದಾರಿಯಲ್ಲಿ ನಿಲ್ಲಿಸಿ ಹರಟೆ ಹೊಡೆದಿರಿ ಅಂತಲೇ ಲೆಕ್ಕ." ಹೀಗೆಂದವನೇ, ಯಾರೂ ಕೈಯಾಡಿಸಬಾರದೆಂದು ಮೀಟರಿಗೂ ಕೆಳಗಿನ ಗೇರಿಗೂ ತಂತಿ ಬಿಗಿಸಿ, ತಕ್ಕಡಿಗೆ ಒತ್ತುವಂಥ ಸೀಸದ ಸೀಲು ಒತ್ತಿಸಿದ.

ಅವನು ಒಳಗೆ ಹೋದ ಮೇಲೆ ಕೃಷ್ಣಪ್ಪನ ಬಸ್ಸು ಬಂತು. ಕೃಷ್ಣಪ್ಪ ಬಸ್ಸು ನಿಲ್ಲಿಸಿ ಜೀಪಿನತ್ತ ದಾಪುಗಾಲು ಹಾಕಿದ.

"ಏನ್ಲಾ, ಸಾಯಾಕೆ ಹೊಂಟಿದ್ಯಾ? ಅರವತ್ತೈದರ ಮೇಲೆ ಬಂದ್ಯಲ್ಲೋ!"

"ಇಲ್ಲ ಕಣಣ್ಣೋ, ನಲವತ್ತು. ಬೆಳಿಗ್ಗೆ ನಿನ್ ಹಿಂದೇನೇ ಬಂದು ಮೀಟರು ಸರಿ ಮಾಡ್ಸಿವ್ನಿ. ನೀನೇ ನಲವತ್ತು ಅಂದ್ಯಲ್ಲ?"

ಕೃಷ್ಣಪ್ಪ ಹಣೆ ಚಚ್ಚಿಕೊಂಡ. "ಅಯ್ಯೋ ಮಂಕೇ! ಖಾಕಿ ಕೋಟು ಬಂದು ಸ್ಪೀಡ್ ಕೇಳಿದ್ರೆ ಯಾವ್ ಡ್ರೈವರ್ ನಿಜ ಹೇಳ್ತಾನ್ಲಾ? ಚೆಕಿಂಗ್ನೋರು ಅಂತ ಹೆದರಿ ಹಂಗಂದೆ. ನಾನ್ ಬಂದಿದ್ದೂ ಅರವತ್ತೈದೇ!"

ಬಾಲರಾಜು ಸೀಲನ್ನು ನೋಡಿದ. ಅದನ್ನು ಒಡೆದರೆ ಕಾಂಟ್ರಾಕ್ಟಿಲ್ಲ. ಒಡೆಯದಿದ್ದರೆ ಬದುಕಿರುವವರೆಗೂ, ಅದು ಎಷ್ಟು ದಿನವೋ, ದಿನಾ ಅರವತ್ತೈದು.

ಮರುದಿನ ಬೋರಲಿಂಗಯ್ಯ "ಎಲ್ಲಾ ನನ್ ಐಡಿಯಾ" ಎಂದು ಬೀದಿಗೆಲ್ಲ ಸಾರುತ್ತಿದ್ದ. ಲತಾಮಣಿ ಹಿಗ್ಗುತ್ತ ನಿಂಬೆಹಣ್ಣು ಹಿಡಿದು ಬಂದಳು.

"ಇನ್ನೊಂದ್ ಐತಾ?" ಎಂದ ಬಾಲರಾಜು.

"ಯಾಕೆ? ಚಕ್ರ ನಾಕೇ ಅಲ್ವಾ?"

ಬಾಲರಾಜು ಚಪ್ಪಲಿ ಬಿಟ್ಟು, ಆಕ್ಸಿಲರೇಟರ್ ಒತ್ತುವ ಬಲಗಾಲನ್ನು ಮುಂದೆ ಚಾಚಿದ.

"ಇದ್ರ ಕೆಳಗೂ ಒಂದ್ ಮಡುಗು."