ಇನ್ನೂರ ಒಂದನೇ ದೀಪ

ಚಳಿಗಾಲದಲ್ಲಿ ಬಿಸಿಲು ಇರುವುದಿಲ್ಲ ಎಂಬುದು ಕೊಲ್ಲಿನಾಡಿನ ಬರ್ಕಾದ ನಮ್ಮ ತರಕಾರಿ ಕಂಪನಿಯಲ್ಲಿ ೨೦೦೬ರ ಅಕ್ಟೋಬರಿನಿಂದ ಜಾರಿಗೆ ಬಂದ ಸತ್ಯ. ಹಸಿರುಮನೆಗೆಂದು ಯುರೋಪಿನ ಉತ್ತರದ ತುದಿಯಿಂದ ತರಿಸಿದ ಇನ್ನೂರು ದೀಪಗಳ ಕೈಪಿಡಿಯಲ್ಲಿ ಹಾಗೆಂದು ಬರೆದಿತ್ತು.

ಕಂಪನಿಯ ಎಲೆಕ್ಟ್ರಿಷಿಯನ್, ಪುತ್ತೂರಿನ ಅಂಗಾರನ ವೀಸಾದಲ್ಲಿ ಹುದ್ದೆಯನ್ನು 'ದೀಪ ತಂತ್ರಜ್ಞ' ಎಂದು ಬದಲಿಸಲಾಯಿತು. ಇಲ್ಲಿ ಡಿಸೆಂಬರಿನಲ್ಲೂ ಹತ್ತು ಗಂಟೆ ಬಿಸಿಲುಂಟು ಎಂದು ಅವನು ಬಾಯಿ ತಪ್ಪಿ ಹೇಳಿಬಿಟ್ಟ. ಮ್ಯಾನೇಜರ್ ಚಲುವರಾಜು ಮೈಸೂರಿನವರು, ನಯವಾಗಿಯೇ ತಿಳಿಹೇಳಿದರು: "ನೋಡಿ ಅಂಗಾರ, ದೀಪ ಉರೀದೇ ಇದ್ರೆ ಜನವರಿಗೆ ನಿಮ್ಮ ವೀಸಾ ಖಲಾಸ್." ಇಲ್ಲೇ ಓದುತ್ತಿದ್ದ ಮಗಳು ನಿಶ್ಮಿತಾಗೆ ಮಾರ್ಚಿನಲ್ಲಿ ಹತ್ತನೆಯ ತರಗತಿ ಪರೀಕ್ಷೆ. ಅಂಗಾರ ಅಂದಿನಿಂದ ಬಿಸಿಲಿನ ಮಾತೆತ್ತಲಿಲ್ಲ.

ಬಿಸಿಲಿರುವಾಗ ದೀಪ ಉರಿಸುವುದು ಕೈಪಿಡಿಗೆ ವಿರುದ್ಧವಾದ್ದರಿಂದ, ಘಾಲಾದ ಅಂಗಡಿಯಿಂದ ಕಪ್ಪು ಟಾರ್ಪಾಲು ತಂದು ಹಸಿರುಮನೆಗೆ ಹೊದಿಸಲಾಯಿತು. ಒಳಗೆ ಕ್ರಮಬದ್ಧವಾದ ಚಳಿಗಾಲ ಉಂಟಾಯಿತು. ದೀಪ ಉರಿಸಿದರು, ಅದರ ಕಾವಿಗೆ ಏಸಿ ಹಾಕಿದರು, ಏಸಿಗೆ ಕರೆಂಟು ಸಾಲದೆ ಅರ್ಧ ದೀಪ ಆರಿಸಿದರು. ಟೊಮೇಟೊ ಸಸಿಗಳು ಬಿಳಿಚಿಕೊಂಡು ಮಲಗಿದವು. ಅಂಗಾರನಿಗೆ ಅಯ್ಯೋ ಅನ್ನಿಸಿ ನಲವತ್ತು ಸಸಿ ಕಿತ್ತು ಹಿತ್ತಲಲ್ಲಿ ನೆಟ್ಟ. ಅವು ನಿಯಮ ತಿಳಿಯದೆ ಹಣ್ಣು ಬಿಟ್ಟವು.

ಜನವರಿಯಲ್ಲಿ ನಿರ್ದೇಶಕ ವಿಕ್ಟರ್ ತಪಾಸಣೆಗೆ ಬಂದರು. ಒಳಗೆ ಒಂದು ಹಣ್ಣೂ ಇರಲಿಲ್ಲ. ಹಿತ್ತಲಿಗೆ ಹೋಗಿ, ಈ ಹಣ್ಣು ಯಾವ ದೀಪದ್ದು ಎಂದು ಕೇಳಿದರು.

"ಇನ್ನೂರ ಒಂದನೇದು ಸರ್. ಸ್ವಲ್ಪ ಎತ್ತರದಲ್ಲಿದೆ. ಅಂಗಾರನೇ ನೋಡ್ಕೋತಾರೆ," ಎಂದರು ಚಲುವರಾಜು.

ವಿಕ್ಟರ್ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಬೆಳಕು ಚೆನ್ನಾಗಿದೆ, ರಿಜಿಸ್ಟರಿಗೆ ಸೇರಿಸಿ ಎಂದು ಆದೇಶಿಸಿದರು.

ಅದರಂತೆ ಸೂರ್ಯನನ್ನು ಕಂಪನಿಯ ಸ್ವತ್ತುಗಳ ಪಟ್ಟಿಗೆ, ಆಫೀಸಿನ ಲೆಕ್ಕಪತ್ರ ಬರೆಯುವ ನಾನೇ ಸೇರಿಸಿದೆ. ಬೆಳಿಗ್ಗೆ ಆರೂ ಮುಕ್ಕಾಲಿಗೆ ಹೊತ್ತಿಸಿದ್ದಕ್ಕೂ ಸಂಜೆ ಐದೂವರೆಗೆ ಆರಿಸಿದ್ದಕ್ಕೂ ಅಂಗಾರ ಸಹಿ ಮಾಡತೊಡಗಿದ. ಅವನ ವೀಸಾ ನವೀಕರಣವಾಯಿತು, ಮಗಳ ಪರೀಕ್ಷೆ ಇಲ್ಲೇ ಎಂದು ಖಾತ್ರಿಯಾಯಿತು. ನನಗೆ ನಿಜಕ್ಕೂ ಸಂತೋಷವಾಯಿತು.

ಫೆಬ್ರವರಿಯಲ್ಲಿ ಎರಡು ದಿನ ಮೋಡ ಕವಿಯಿತು. ಕಾರಣ ಕೇಳಿ ಚಲುವರಾಜು ನೋಟಿಸು ಕೊಟ್ಟರು. ದೀಪ ರಿಪೇರಿಯಲ್ಲಿದೆ ಎಂದು ಅಂಗಾರ ಲಿಖಿತ ಉತ್ತರ ಕೊಟ್ಟ, ಅಂಗೀಕಾರವಾಯಿತು. ಆ ಸಂಜೆ ಅವನ ಹೆಂಡತಿ ಲೋಲಾಕ್ಷಿ ಆಫೀಸಿಗೆ ಫೋನು ಮಾಡಿದಳು; ಅಂಗಾರನೇ ಎತ್ತಿಕೊಂಡ.

"ಬಟ್ಟೆ ಒಂದೂ ಒಣಗಲಿಲ್ಲ ಮಾರಾಯ್ರೆ. ನಾಳೆ ಸ್ವಲ್ಪ ಬೇಗ ಹೊತ್ತಿಸ್ಲಿಕ್ಕೆ ಆಗ್ತದಾ?"

ಅಂಗಾರ ರಿಜಿಸ್ಟರು ತಿರುವಿ ನೋಡಿದ. "ಆಗುದಿಲ್ಲ," ಎಂದ. "ಅದಕ್ಕೆ ಚಲುವರಾಜು ಸರ್ ಸಹಿ ಬೇಕು."