ಮರ್ಡೋನ ಗುಬುಟು

ಇಷ್ಟಕ್ಕೆಲ್ಲ ಕಾರಣ ಸಾಸಿವೆಗಿಂತ ಸಣ್ಣದೊಂದು ಉಬ್ಬು, ಒಂದು ಗುಬುಟು. ಪಟ್ಟೆಮೀನಿನ ಭ್ರೂಣದಲ್ಲಿ, ಬಾಲದ ಬುಡದ ಹತ್ತಿರ ಅದು ಬೆಳಗ್ಗೆ ಮೂಡಿ ಮಧ್ಯಾಹ್ನಕ್ಕೆ ಮಾಯವಾಗುತ್ತಿತ್ತು. ಮೊದಲು ಕಂಡವನು ಮರ್ಡೋ ಗಿಲ್‌ಕ್ರಿಸ್ಟ್.

ಎಡಿನ್‌ಬರೋದ ಆ ಪ್ರಯೋಗಶಾಲೆಯಲ್ಲಿ ಮೀನಿನ ಭ್ರೂಣದ ಅಂಗಕೋಶ, ಅಂದರೆ ಅಂಗಗಳ ನಿಘಂಟು, ತಯಾರಾಗುತ್ತಿತ್ತು. ಮೊಟ್ಟೆಯೊಳಗೆ ಮೂಡುವ ಪ್ರತಿಯೊಂದಕ್ಕೂ ಹೆಸರಿಟ್ಟು, ಅದು ಯಾವ ಜಾತಿಯದು, ಯಾವುದರ ಭಾಗ, ಯಾವುದರಿಂದ ಹುಟ್ಟಿತು ಅಂತ ಲಕ್ಷಣ ಬರೆದು ಕಂಪ್ಯೂಟರಿಗೆ ಸೇರಿಸುವುದು ಅವರ ಕೆಲಸ. ಬರೆದವರ ಹೆಸರು ಅದರ ಕೆಳಗೆ ಶಾಶ್ವತವಾಗಿ ನಿಲ್ಲುತ್ತದೆ. ಮರ್ಡೋ ಬೇರೆಯವರ ಲಕ್ಷಣಗಳ ಅಲ್ಪವಿರಾಮ ತಿದ್ದುತ್ತಲೇ ತಲೆ ನರೆಸಿಕೊಂಡವನು. ಊರಿನ ಮದುವೆಗಳಿಗೆಲ್ಲ ಚಪ್ಪರ ಹಾಕಿ ತಾನು ಬ್ರಹ್ಮಚಾರಿಯಾಗಿ ಉಳಿದವನ ಹಾಗೆ, ಅವನ ಹೆಸರಿನದು ಅಂತ ಒಂದೂ ಇರಲಿಲ್ಲ.

ಅವತ್ತು ಶುಕ್ರವಾರ. ಹೊಸ ಲಕ್ಷಣಗಳನ್ನು ಬೆಳಗಿನ ಚಹಾದ ಹೊತ್ತಿಗೆ ಓದಬೇಕು, ಎಲ್ಲರೂ ಒಪ್ಪಬೇಕು, ಸಂಜೆ ಅದು ಲೋಕಕ್ಕೆ ಹೋಗಬೇಕು. ಮರ್ಡೋ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಗಂಟಲು ಸರಿಮಾಡಿಕೊಂಡು ಓದಿದ:

"ಬಾಲದ ಬುಡದಲ್ಲಿ, ರಕ್ತನಾಳಕ್ಕೂ ಮೂತ್ರನಾಳಕ್ಕೂ ನಡುವೆ, ಸ್ವಲ್ಪ ಹೊತ್ತು ಮಾತ್ರ ಇರುವ ಕೋಶಗಳ ಗುಬುಟು."

ಹೃದಯ ವಿಭಾಗದ ಐಲ್ಸಾ ತನ್ನ ಸ್ಕೋನ್ ಬನ್ನಿಗೆ ಬೆಣ್ಣೆ ಸವರುತ್ತಿದ್ದವಳು ಚಾಕು ಕೆಳಗಿಟ್ಟಳು. "ರಕ್ತನಾಳದ ಹೆಸರು ಯಾಕೆ ತಂದೆ ಮಾರಾಯ? ನಾಳೆ ಎಲ್ಲರೂ ಇದು ನನ್ನ ಕಡೆಯ ನೆಂಟ ಅಂತಾರೆ. ನನ್ನ ಮನೇಲಿ ಜಾಗ ಇಲ್ಲಪ್ಪ."

"ಪಕ್ಕದಲ್ಲಿದೆ ಅಂದೆ ಅಷ್ಟೇ ಐಲ್ಸಾ. ನಿನ್ನದು ಅನ್ನಲಿಲ್ಲ."

"ಪಕ್ಕದಲ್ಲಿ ಕೂತೋರೇ ಆಮೇಲೆ ಒಳಗೆ ಬರೋದು. ತೆಗಿ!"

ಮರ್ಡೋ ತೆಗೆದ. ಮೂತ್ರಪಿಂಡದ ಸ್ಟ್ರುವನ್ ಕನ್ನಡಕ ಮೂಗಿನ ತುದಿಗೆ ತಂದುಕೊಂಡ. "ಹಾಗಾದ್ರೆ ಮೂತ್ರನಾಳ ಒಂದೇ ಉಳೀತು. ಅವಳು ಹೊರಗೆ ಹಾಕಿದ್ದನ್ನ ನಾನು ಸಾಕಬೇಕೇನಯ್ಯಾ? ಅದೂ ಅಲ್ಲದೆ, ಗುಬುಟೇ ಇಲ್ಲ. ನಿನ್ನ ಕಣ್ಣಿಗೆ ಪೊರೆ ಬಂದಿರಬೇಕು."

ಮರ್ಡೋ ಅವನನ್ನು ಮೀನಿನ ತೊಟ್ಟಿಗಳ ಕೋಣೆಗೆ ಎಳೆದೊಯ್ದು ಸೂಕ್ಷ್ಮದರ್ಶಕದಲ್ಲಿ ತೋರಿಸಿದ. ಸ್ಟ್ರುವನ್ ಬಹಳ ಹೊತ್ತು ನೋಡಿದ. "ಇದೆ," ಅಂದ. "ಆದರೆ ನನ್ನದಲ್ಲ. ತೆಗಿ."

ಮೂತ್ರನಾಳವೂ ಹೋಯಿತು. ಊಟದ ಹೊತ್ತಿಗೆ ಮುಖ್ಯಸ್ಥೆ ಡಾಲ್‌ಗ್ಲೀಶಮ್ಮ ಬೇಳೆ ಸೂಪು ಹೀರುತ್ತ ಮರ್ಡೋ ಬರೆದ ಚೀಟಿ ಓದಿದರು. "ಬಾಲದ ಬುಡ ಅಂತೀಯ. ಭ್ರೂಣಕ್ಕೆ ಆ ವಯಸ್ಸಿನಲ್ಲಿ ಬಾಲವೇ ಮೂಡಿರಲ್ಲವಲ್ಲೋ! ಇಲ್ಲದ ಬಾಲಕ್ಕೆ ಬುಡ ಎಲ್ಲಿಂದ ಬಂತು?"

"ಮುಂದೆ ಬರುತ್ತೆ ಅಮ್ಮಾ..."

"ಬಂದಾಗ ಬರೆಯೋ. ಸ್ವಲ್ಪ ಹೊತ್ತು ಅನ್ನೋದೂ ಬೇಡ. ಭ್ರೂಣದಲ್ಲಿ ಯಾವುದು ತಾನೇ ಬಹಳ ಹೊತ್ತು ಇರುತ್ತೆ? ಗುಬುಟು ಅನ್ನೋದು ಸಂತೆ ಮಾತು. ಗುಂಪು ಅನ್ನು."

ನಾಲ್ಕು ಗಂಟೆಗೆ ಉಳಿದದ್ದು ಇಷ್ಟು: "ಭ್ರೂಣದ ಕಾಲದ ಕೋಶಗಳ ಗುಂಪು." ಗರಿಯೆಲ್ಲ ಕಿತ್ತ ಕೋಳಿಯ ಹಾಗಿತ್ತು. ಆದರೆ ಎಲ್ಲರೂ ಒಪ್ಪಿದರು, ಐಲ್ಸಾ ಚಪ್ಪಾಳೆ ಕೂಡ ತಟ್ಟಿದಳು. ಕೆಳಗೆ ಅವನ ಹೆಸರು ಇತ್ತಲ್ಲ, ಮರ್ಡೋನಿಗೆ ಅಷ್ಟೇ ಸಾಕಾಗಿತ್ತು. ಗುಂಡಿ ಒತ್ತಿದ.

ಕಂಪ್ಯೂಟರು ತನ್ನ ಪದ್ಧತಿಯಂತೆ ಲಕ್ಷಣಗಳನ್ನೆಲ್ಲ ತಾಳೆ ನೋಡತೊಡಗಿತು. ಭ್ರೂಣದ ಕಾಲದ ಕೋಶಗಳ ಗುಂಪು ಅಂದರೆ ಇಡೀ ಭ್ರೂಣವೇ ಅಲ್ಲವೇ? ಎರಡೂ ಒಂದೇ ಅಂತ ಅದು ತೀರ್ಮಾನಿಸಿ, ಭ್ರೂಣದ ಒಳಗಿನದನ್ನೆಲ್ಲ ಮರ್ಡೋನ ಗುಂಪಿನೊಳಕ್ಕೆ ತುಂಬಿತು.

ಕಾರಿಡಾರಿನಲ್ಲಿ ಐಲ್ಸಾ ಕೂಗಿದ್ದು ತೊಟ್ಟಿಯ ಮೀನಿಗೂ ಕೇಳಿಸಿರಬೇಕು. "ಮರ್ಡೋ! ನನ್ನ ಹೃದಯ ನಿನ್ನ ಗುಬುಟಿನೊಳಗೆ ಏನು ಮಾಡ್ತಿದೆ?"

"ನನ್ನ ಎರಡು ಮೂತ್ರಪಿಂಡಗಳೂ ಅಲ್ಲೇ ಇವೆ ಕಣೇ!" ಅಂತ ಸ್ಟ್ರುವನ್ ಓಡಿಬಂದ. "ಬಾಡಿಗೆಗೆ ಜಾಗ ಕೇಳಿದವನೇ ಮನೆ ಯಜಮಾನನಾಗಿ ಕೂತುಬಿಟ್ಟ!"

ಡಾಲ್‌ಗ್ಲೀಶಮ್ಮ ಕೋಟು ತೊಟ್ಟು ಹೊರಟಿದ್ದವರು ವಾಪಸು ಬಂದರು. "ಅಳಿಸೋಕೆ ಬರಲ್ಲ, ಒಮ್ಮೆ ಸೇರಿದ್ದು ಸೇರಿದ ಹಾಗೇ. ರದ್ದು ಅಂತ ಗುರುತು ಹಾಕು. ಬೇಗ ಹಾಕೋ, ನನ್ನ ಬಸ್ಸು ಹೋಗುತ್ತೆ."

ಮರ್ಡೋ ಹಾಕಿದ. ಹೃದಯವೂ ಮೂತ್ರಪಿಂಡವೂ ತಮ್ಮ ತಮ್ಮ ಮನೆಗೆ ಮರಳಿದವು. ಅವನು ಖಾಲಿ ಪರದೆಯ ಮುಂದೆ ಕೂತೇ ಇದ್ದ. ಸ್ಟ್ರುವನ್ನನಿಗೇ ಕರುಣೆ ಬಂತು.

"ಎದ್ದೇಳಯ್ಯಾ, ಬಿಯರ್ ಕುಡಿಸ್ತೀನಿ. ನೀನು ಹೋಗಿ ಜಾಗ ಹಿಡಿದಿರು. ನನ್ನದೊಂದು ಚಿಕ್ಕ ಕೆಲಸ ಇದೆ, ಮುಗಿಸಿ ಬಂದೆ."

ಪಬ್ಬಿನಲ್ಲಿ ಮರ್ಡೋ ಅರ್ಧ ಲೋಟ ಮುಗಿಸುವಷ್ಟರಲ್ಲಿ ಸ್ಟ್ರುವನ್ ಶಿಳ್ಳೆ ಹಾಕುತ್ತ ಬಂದ. "ಆಯ್ತಪ್ಪ, ಅಂಗಕೋಶ ಲೋಕಕ್ಕೆ ಹೊರಟಿತು. ಒಂದು ಖಾಲಿ ಜಾಗ ಇತ್ತು, ತುಂಬಿಸಿದೆ. ಐಲ್ಸಾ, ಡಾಲ್‌ಗ್ಲೀಶಮ್ಮ ಇಬ್ಬರೂ ಬಾಗಿಲಲ್ಲೇ ಹೂಂ ಅಂದುಬಿಟ್ಟರು ನೋಡು! ಬೆಳಗ್ಗಿಂದ ಬಡಿದಾಡಿ ಸುಸ್ತಾಗಿದ್ರು ಪಾಪ."

ಮರ್ಡೋ ಫೋನು ತೆರೆದ. ಹೊಸ ಅಂಗ ಒಂದಿತ್ತು: "ಬಾಲದ ಬುಡದಲ್ಲಿ, ರಕ್ತನಾಳಕ್ಕೂ ಮೂತ್ರನಾಳಕ್ಕೂ ನಡುವೆ, ಸ್ವಲ್ಪ ಹೊತ್ತು ಮಾತ್ರ ಇರುವ ಕೋಶಗಳ ಗುಬುಟು." ಅಲ್ಪವಿರಾಮ ಕೂಡ ಅವನದೇ. ಕೆಳಗೆ ಸ್ಟ್ರುವನ್ನನ ಹೆಸರು.

ಅದರ ಕೆಳಗೆ ಒಂದು ಎಚ್ಚರಿಕೆ: "ಮರ್ಡೋ ಗಿಲ್‌ಕ್ರಿಸ್ಟ್ ತಪ್ಪಾಗಿ ಬರೆದು ರದ್ದಾದ ಲಕ್ಷಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ."