ಲಕ್ಕಿ ಸೊಪ್ಪಿಗೆ ಸಾಕ್ಷಿ ನುಡಿದ ಬಿಳಿ ಇಲಿಯವರಿಗೆ

ಸಿಂಧನೂರು, 1991

ಫಾರ್ಮಸಿ ಕಾಲೇಜಿನ ಪಂಜರದಲ್ಲಿ ವಿರಾಜಮಾನರಾದ ಮಾನ್ಯರೇ,

ಭತ್ತದ ವ್ಯಾಪಾರಿ ಅಮರಗುಂಡಪ್ಪನು ಇಷ್ಟು ವರ್ಷ ಮೊಣಕಾಲು ಮಡಚಲಾಗದಿದ್ದ ರೂಢಿಯಿಂದ ಈಗಲೂ ನಿಂತುಕೊಂಡೇ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮೊಣಕಾಲ ನೋವಿಗೆ ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟುತ್ತೇನೆಂದು ನನ್ನ ಹೆಂಡತಿ ವೀರಭದ್ರಮ್ಮ ವರ್ಷಗಟ್ಟಲೆ ಹೇಳಿದರೂ, ಅದೆಲ್ಲ ಬರೀ ನಂಬಿಕೆಯೆಂದು ತಳ್ಳಿಹಾಕಿ, ಗುಳಿಗೆ ನುಂಗಿ ಹೊಟ್ಟೆ ಉರಿಸಿಕೊಳ್ಳುತ್ತ ಸುಖವಾಗಿದ್ದ ನನ್ನ ಸಂಸಾರದಲ್ಲಿ ತಾವು ಈ ದೀಪಾವಳಿಗೆ ಪಾದವಿಟ್ಟಿರಿ. ತಮ್ಮ ಕಾಲೇಜಿನಲ್ಲೇ ಓದುವ, ರಜೆಗೆ ಬಂದ ಮಗಳು ಜಂಬಮ್ಮ ಹೇಳಿದಂತೆ, ಬಿಸಿ ತಟ್ಟೆಯ ಮೇಲೆ ನಿಲ್ಲಿಸಿದಾಗ ಲಕ್ಕಿ ಎಲೆಯ ಸತ್ವ ಕುಡಿದ ತಾವು, ಬರೀ ನೀರು ಕುಡಿದ ತಮ್ಮ ಬಂಧುಗಳಿಗಿಂತ ತಡವಾಗಿ ಪಾದ ನೆಕ್ಕಿಕೊಂಡಿರಂತೆ. ಅಂದರೆ ತಮಗೆ ನೋವು ಕಡಿಮೆಯಾಗಿತ್ತಂತೆ.

ಪಾಪದ ಇಲಿಯನ್ನು ಯಾಕೆ ಗೋಳಾಡಿಸಿದಿರಿ, ನನ್ನನ್ನೇ ಕೇಳಬಹುದಿತ್ತಲ್ಲ ಎಂದು ವೀರಭದ್ರಮ್ಮ ಮರುಗಿದಳು.

"ಇಲಿಗೆ ನಂಬಿಕಿ ಅನ್ನೋದು ಇರಂಗಿಲ್ಲಬೇ ಎವ್ವಾ, ಅದಕ್ಕ ಅದನ್ನ ಕೇಳ್ತೀವಿ," ಎಂದಳು ಮಗಳು.

ಹೆಂಡತಿ ನನ್ನತ್ತ ನೋಡುತ್ತ ಮಗಳಿಗೆ ಹೇಳಿದಳು: "ನಿಮ್ಮಪ್ಪಗೂ ನಂಬಿಕಿ ಇಲ್ಲ. ಹಂಗಾರ ಇವರಿಗೇ ಕಟ್ಟಿ ನೋಡೂಣು."

ಮಾನ್ಯರೇ, ನನ್ನ ಮನೆಯಲ್ಲೇ ನಾನು ತಮ್ಮ ಸಹೋದ್ಯೋಗಿಯಾದದ್ದು ಹೀಗೆ. ಒಂದು ಮೊಣಕಾಲಿಗೆ ಲಕ್ಕಿ, ಇನ್ನೊಂದಕ್ಕೆ ಪಲ್ಯಕ್ಕೆ ತಂದ ಪುಂಡಿ ಸೊಪ್ಪು. ಯಾವುದು ಎಲ್ಲಿದೆಯೆಂದು ನನಗೆ ತಿಳಿಯದಂತೆ ಬಟ್ಟೆ ಸುತ್ತಿ, ದಿನವೂ ಅಟ್ಟ ಹತ್ತಿಸಿ ಇಳಿಸಿ, ತಾಯಿ ಮಗಳು ನನ್ನ ಮುಖವನ್ನೇ ನೋಡುತ್ತಿದ್ದರು. ರಜೆ ಮುಗಿಯುವ ದಿನ, ಬಲಗಾಲು ಪರವಾಗಿಲ್ಲ, ಎಡಗಾಲಂತೂ ಹೂವಿನಂತಾಗಿದೆ, ಲಕ್ಕಿಯ ಗುಣವೇ ಗುಣ ಎಂದು ಮನಸಾರೆ ಹೊಗಳಿದೆ. ಮಗಳು ತಲೆಯ ಮೇಲೆ ಕೈಹೊತ್ತು ಕುಳಿತಳು. ಎಡಗಾಲಿಗಿದ್ದದ್ದು ಪುಂಡಿ.

"ಅಪ್ಪಗ ನಂಬಿಕಿ ಬಂದುಬಿಟ್ಟೈತಿ," ಎಂದಳು. "ಇನ್ನ ಪ್ರಯೋಗಕ್ಕ ಬರಂಗಿಲ್ಲ."

ಅಂದಿನಿಂದ ಸಾರಿಗೆ ಉಪ್ಪು ಹೆಚ್ಚಾಯಿತೆಂದರೂ, ಇಲಿಯನ್ನು ಕೇಳಿ ಎನ್ನುತ್ತಾಳೆ ವೀರಭದ್ರಮ್ಮ. ನನ್ನ ದೂರು ಇದೇ.

ಆದರೆ ಮೊನ್ನೆ ಮಸ್ಕಿಯಲ್ಲಿ ತಂಗಿಯ ಮನೆಯ ಊಟಕ್ಕೆ, ಎಷ್ಟೋ ವರ್ಷಗಳ ಮೇಲೆ, ಎಲ್ಲರ ಸಾಲಿನಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಹೋಳಿಗೆ ಉಂಡೆ. ಏಳುವಾಗ ಹೆಂಡತಿ ಕೈ ಚಾಚಿದಳು. ಬೇಕಿರಲಿಲ್ಲ, ಆದರೂ ಹಿಡಿದುಕೊಂಡೆ. ನೋವು ಕಳೆದದ್ದು ಲಕ್ಕಿಯೋ, ಪುಂಡಿಯೋ, ದಿನವೂ ಬಟ್ಟೆ ಸುತ್ತಿದ ಆ ಕೈಯೋ ಎಂಬುದನ್ನು ತಾವೇ ಪರೀಕ್ಷಿಸಿ ತಿಳಿಸಬೇಕು. ಸೊಪ್ಪು ಎಷ್ಟು ಬೇಕಾದರೂ ಕಳಿಸುತ್ತೇನೆ; ಆ ಕೈಯನ್ನು ಮಾತ್ರ ಕಳಿಸಲಾರೆ.

ಪರೀಕ್ಷೆಯಲ್ಲಿ ತಮ್ಮಷ್ಟು ಯಶಸ್ವಿಯಾಗದ ತಮ್ಮ ವಿಶ್ವಾಸಿ,
ಅಮರಗುಂಡಪ್ಪ

ವಿ.ಸೂ.: ನನ್ನ ಗೋದಾಮಿನಲ್ಲಿ ಚೀಲ ಕಡಿಯುತ್ತಿರುವ ತಮ್ಮ ಕರಿಯ ಬಂಧುಗಳಿಗೂ ವಿಜ್ಞಾನಸೇವೆಯಲ್ಲಿ ಆಸಕ್ತಿ ಇದ್ದರೆ ತಿಳಿಸಿ. ಬಸ್ ಚಾರ್ಜು ನನ್ನದು.